ಉರಿಯುವ ಬೆಟ್ಟದ ಬುಡಕ್ಕೆ ಸೇವೆಗೆ ಹೊರಟವರಿಗೆ

2023ರ ಜೂನ್ 12ರ ಬೆಳಿಗ್ಗೆ ಅಮ್ಮ ಫೋನ್ ಮಾಡಿದಾಗ ನಾನು ಕಕ್ಕಸು ತೊಳೆಯುತ್ತಿದ್ದೆ.

“ಟೀವೀಲಿ ನಿಮ್ಮ ಬೆಟ್ಟ ತೋರಿಸ್ತಾವ್ರೆ ಕಣಪ್ಪಾ. ಕೆಂಡ ಸುರೀತಾ ಐತೆ. ಎಲ್ಲಿದ್ದೀಯ ನೀನು?”

“ಇಸ್ಕೂಲಲ್ಲಿ ಇವ್ನಿ ಕಣಮ್ಮ. ಕಕ್ಕಸು ತೊಳೀತಾ ಇವ್ನಿ.”

“ಅಯ್ಯೋ, ಅದಕ್ಕಾ ಅಷ್ಟು ದೂರ ಹೋಗಿದ್ದು?”

ಹೌದು, ಬಹುಪಾಲು ಅದಕ್ಕೇ. ನಾನು ಕನಕಪುರ ಸೀಮೆಯ ರೇಷ್ಮೆ ಬೆಳೆಗಾರರ ಮನೆಯವನು. ಒಂದು ಧಾರ್ಮಿಕ ಸಭೆಯ ಯುವ ಮಿಷನರಿಯಾಗಿ ಎರಡು ವರ್ಷ ಫಿಲಿಪೀನ್ಸಿನ ಆಲ್ಬಾಯ್ ಪ್ರಾಂತ್ಯದಲ್ಲಿದ್ದೆ. ಮಯೋನ್ ಜ್ವಾಲಾಮುಖಿ ನಮ್ಮ ಅಂಗಳದಿಂದಲೇ ಕಾಣುತ್ತಿತ್ತು. ನಮ್ಮ ಕಡೆಯ ಹುಡುಗ ಹುಡುಗಿಯರು ಈಗ ಇಂಥ ಸೇವೆಗೆ ಹೊರಡುವಾಗ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: “ಹೆದರಿಕೆ ಆಗಲಿಲ್ವಾ ಅಣ್ಣಾ?” ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಅವಕ್ಕೆ ನನಗೆ ತಿಳಿದಷ್ಟು ಉತ್ತರ ಇಲ್ಲಿದೆ.

ಹೊರಡುವ ಮೊದಲು ಮೂರು ಪ್ರಶ್ನೆ

ವೀಸಾದ ವಿಷಯ ಬೇಗ ಮುಗಿಸುತ್ತೇನೆ. ಪ್ರವಾಸಿ ವೀಸಾದಲ್ಲಿ ಹೋಗಿ ಧರ್ಮಸೇವೆ ಮಾಡಬೇಡಿ. ಫಿಲಿಪೀನ್ಸಿನಲ್ಲಿ ಮಿಷನರಿಗಳಿಗೆಂದೇ ಬೇರೆ ವೀಸಾ ಇದೆ, ಅಲ್ಲಿನ ಸಭೆಯವರೇ ಅರ್ಜಿ ಹಾಕಿಸುತ್ತಾರೆ. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್ ಮೊದಲೇ ಮಾಡಿಸಿಟ್ಟುಕೊಳ್ಳಿ. ತಲುಪಿದ ವಾರದಲ್ಲೇ ಮನಿಲಾದಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ನಿಮ್ಮ ವಿಳಾಸ ತಿಳಿಸಿ.

ಇನ್ನು ನಿಮ್ಮನ್ನು ಕಳಿಸುವ ಸಂಸ್ಥೆಯನ್ನು ಮೂರು ಪ್ರಶ್ನೆ ಕೇಳಿ. ಸಂಕೋಚ ಬೇಡ. ನಾನಿರುವ ಮನೆ ಬೆಟ್ಟದ ಬಾಯಿಯಿಂದ ಎಷ್ಟು ಕಿಲೋಮೀಟರ್? ಹೊರಡಿ ಎಂದು ಹೇಳುವವರು ಯಾರು, ಅವರು ಸಿಗದಿದ್ದರೆ ಯಾರು? ನನ್ನ ಪಾಸ್‌ಪೋರ್ಟ್ ಯಾರ ಹತ್ತಿರ ಇರುತ್ತದೆ?

ಮೂರನೆಯದು ಚಿಲ್ಲರೆ ಪ್ರಶ್ನೆಯಂತೆ ಕಾಣುತ್ತದೆ. ನಾನು ಕೇಳಿರಲಿಲ್ಲ. ವೀಸಾ ನವೀಕರಣಕ್ಕೆಂದು ಕೊಟ್ಟ ನನ್ನ ಪಾಸ್‌ಪೋರ್ಟ್ ಬೇರೆ ಊರಿನ ಒಂದು ಕಚೇರಿಯ ಬೀರುವಿನಲ್ಲಿತ್ತು. ಬೀರುವಿನ ಬೀಗದ ಕೈ ಇದ್ದವರು ರಜೆಯ ಮೇಲಿದ್ದರು. ಬೆಟ್ಟ ಕೆಂಡ ಕಾರುತ್ತಿದ್ದಾಗ ಹನ್ನೊಂದು ದಿನ ನನ್ನ ಗುರುತಿಗೆ ಇದ್ದದ್ದು ಮೊಬೈಲಿನಲ್ಲಿ ತೆಗೆದಿಟ್ಟಿದ್ದ ಒಂದು ಮಸುಕು ಫೋಟೋ ಮಾತ್ರ. ಏನೂ ಆಗಲಿಲ್ಲ, ಸರಿ. ಆದರೆ ಆಗಿದ್ದರೆ ಮನಿಲಾದ ದಾರಿ ಹಿಡಿಯುವುದಕ್ಕೂ ನಾನು ಇನ್ನೊಬ್ಬರ ಕೈ ಕಾಯಬೇಕಿತ್ತು.

ಬೆಟ್ಟದ ಜಾತಕ ಓದಿ

ಕಬ್ಬಾಳುದುರ್ಗ ನೋಡುತ್ತಾ ಬೆಳೆದವನಿಗೆ ಬೆಟ್ಟವೆಂದರೆ ಕದಲದ ವಸ್ತು. ಕರಿಕಲ್ಲು, ಬೆಳಗಾದರೂ ಅಲ್ಲೇ, ಬೈಗಾದರೂ ಅಲ್ಲೇ. ಮಯೋನ್ ಹಾಗಲ್ಲ. 2,460 ಮೀಟರಿಗೂ ಮಿಕ್ಕಿದ ಎತ್ತರ, ಕಣದಲ್ಲಿ ಸುರಿದ ರಾಗಿ ರಾಶಿಯಂತೆ ನಾಲ್ಕೂ ಕಡೆ ಒಂದೇ ಇಳಿಜಾರು. ‘ಮಗಯೋನ್’ ಎಂದರೆ ಅಲ್ಲಿನ ಬಿಕೋಲ್ ಭಾಷೆಯಲ್ಲಿ ಚೆಲುವೆ. ಆ ಅಂದಕ್ಕೆ ಕಾರಣವೂ ಅದರ ಸಿಡಿತವೇ. ಉಗುಳಿದ್ದೆಲ್ಲ ಪದರ ಪದರವಾಗಿ ಕೂತು ಆ ಆಕಾರ ಬಂದಿದೆ.

ಅಲ್ಲಿಗೆ ಹೋದವರು ಮೊದಲ ವಾರ ಕಗ್ಸಾವಾಕ್ಕೆ ಹೋಗಿ ಬನ್ನಿ. ಫ್ರಾನ್ಸಿಸ್ಕನ್ ಪಾದ್ರಿಗಳ ಕಾಲದ ಹಳೆಯ ಇಗರ್ಜಿ ಇದ್ದ ಜಾಗ. ಈಗ ಉಳಿದಿರುವುದು ಗಂಟೆಗೋಪುರ, ಸುತ್ತ ಹುಲ್ಲು, ಫೋಟೋ ತೆಗೆಸಿಕೊಳ್ಳುವ ಜನ. 1814ರ ಫೆಬ್ರವರಿ 1ರ ಸಿಡಿತದಲ್ಲಿ ಆ ಸೀಮೆಯಲ್ಲಿ ಸುಮಾರು 1,200 ಜನ ಸತ್ತರು. ದೇವರ ಮನೆಯೊಳಗೆ ಹೊಕ್ಕರೆ ಉಳಿಯುತ್ತೇವೆಂದು ಓಡಿಬಂದವರ ಕತೆಯನ್ನು ಊರಿನವರು ಇಂದಿಗೂ ಹೇಳುತ್ತಾರೆ. ಮಿಷನರಿಯಾಗಿ ಹೋದವರು ಆ ಗೋಪುರದ ಬುಡದಲ್ಲಿ ಹತ್ತು ನಿಮಿಷ ಸುಮ್ಮನೆ ಕೂರಬೇಕು. ಆಮೇಲೆ “ಚರ್ಚಿನಲ್ಲೇ ಇರೋಣ, ದೇವರಿದ್ದಾನೆ” ಎಂಬ ಮಾತು ನಿಮ್ಮ ಬಾಯಿಂದ ಬರುವುದಿಲ್ಲ.

ಇನ್ನೂ ಮೂರು ಇಸವಿ ನೆನಪಿಟ್ಟುಕೊಳ್ಳಿ. 1993ರ ಫೆಬ್ರವರಿ 2ರಂದು ಬೊಂಗಾ ಎಂಬ ಕೊರಕಲಿನ ಆಸುಪಾಸಿನ ಹೊಲಗಳಲ್ಲಿದ್ದ 70ಕ್ಕೂ ಹೆಚ್ಚು ಜನ ಬೆಂದುಹೋದರು. ಹೆಚ್ಚಿನವರು ರೈತರು. 2013ರ ಮೇ 7ರಂದು ಬೆಟ್ಟ ಹತ್ತುತ್ತಿದ್ದ ಐವರು ಸತ್ತರು. ಆ ದಿನ ಎಚ್ಚರಿಕೆಯ ಮಟ್ಟ ಸೊನ್ನೆ ಇತ್ತು! ಬಿಸಿ ಕಲ್ಲಿಗೆ ನೀರು ತಗುಲಿ ಬರೀ ಆವಿಯೇ ಸಿಡಿದದ್ದು. ಸಂಕ್ರಾಂತಿಗೆ ಊರ ಬೆಟ್ಟ ಹತ್ತಿದ ಹಾಗೆ ಇದನ್ನೂ ಹತ್ತಿ ಬರೋಣ ಎಂದುಕೊಂಡವರಿಗೆ ಇಷ್ಟು ಸಾಕು. ಮೂರನೆಯದು 2006ರ ನವೆಂಬರ್ 30. ಅಂದು ಬೆಟ್ಟ ಸಿಡಿದಿರಲೇ ಇಲ್ಲ. ಸ್ಥಳೀಯರು ರೆಮಿಂಗ್ ಎಂದು ಕರೆಯುವ ಚಂಡಮಾರುತದ ಮಳೆ ಹೊಯ್ಯಿತು, ಇಳಿಜಾರಿನಲ್ಲಿ ಕೂತಿದ್ದ ಬೂದಿ, ಮರಳು, ಬಂಡೆ ಎಲ್ಲ ಕೆಸರಾಗಿ ಇಳಿಯಿತು. ಆ ಚಂಡಮಾರುತದಲ್ಲಿ ಸತ್ತವರು, ಕಾಣೆಯಾದವರು ಸಾವಿರಕ್ಕೂ ಮೇಲೆ. ಈ ಕೆಸರಿನ ಹರಿವಿಗೆ ಲಹಾರ್ ಎನ್ನುತ್ತಾರೆ. ಗಾರೆ ಕಲೆಸುವ ಯಂತ್ರದಿಂದ ಸುರಿಯುವ ಕಾಂಕ್ರೀಟು ಹೊಳೆಯಾಗಿ ಬಂದ ಹಾಗೆ ಅಂದುಕೊಳ್ಳಿ. ಸಿಡಿತ ನಿಂತು ಎಷ್ಟೋ ಕಾಲವಾದ ಮೇಲೂ ಜೋರು ಮಳೆಯ ರಾತ್ರಿ ಕೊರಕಲಿನ ಪಕ್ಕ ಮಲಗಬಾರದು ಎಂಬುದು ಇದಕ್ಕೇ.

ಟೀವಿಯಲ್ಲಿ ಕೆಂಪಗೆ ಹರಿಯುವ ಲಾವಾ ಇದೆಯಲ್ಲ, ಮಯೋನಿನಲ್ಲಿ ಅದು ಇದ್ದುದರಲ್ಲಿ ಸಾಧು. 2023ರಲ್ಲಿ ಅದು ಮಿ-ಇಸಿ, ಬೊಂಗಾ, ಬಸುದ್ ಕೊರಕಲುಗಳಲ್ಲಿ ಗರ್ಭಿಣಿ ಎಮ್ಮೆಯ ಹಾಗೆ ನಿಧಾನಕ್ಕೆ ಇಳಿಯುತ್ತಿತ್ತು. ಕೊಲ್ಲುವುದು ಉಸೋನ್. ನೂರಾರು ಡಿಗ್ರಿ ಬಿಸಿಯ ಅನಿಲ, ಬೂದಿ, ಕಲ್ಲು ಒಂದಾಗಿ ನೆಲ ಸವರಿಕೊಂಡು ಇಳಿಯುವ ಮೋಡ ಅದು, ಕಾರಿಗಿಂತ ವೇಗ. ಅದನ್ನು ಕಂಡ ಮೇಲೆ ಓಡಿ ಉಳಿಯುವ ಮಾತಿಲ್ಲ. ಅದು ಬರುವ ದಾರಿಯಲ್ಲಿ ಮೊದಲೇ ಇರಬಾರದು.

ಸೊನ್ನೆಯಿಂದ ಐದು

ಅಲ್ಲಿನ ಭೂಕಂಪ ಮತ್ತು ಜ್ವಾಲಾಮುಖಿ ಸಂಸ್ಥೆಯ ಹೆಸರು ಫಿವೋಲ್ಕ್ಸ್. ಬೆಟ್ಟಕ್ಕೆ ಸೊನ್ನೆಯಿಂದ ಐದರವರೆಗೆ ಎಚ್ಚರಿಕೆಯ ಮಟ್ಟ ಕೊಡುತ್ತದೆ. ಸೊನ್ನೆ ಎಂದರೆ ಶಾಂತ, ಐದು ಎಂದರೆ ಅಪಾಯದ ಸಿಡಿತ ನಡೆಯುತ್ತಿದೆ. ಬಾಯಿಯ ಸುತ್ತ 6 ಕಿಲೋಮೀಟರ್ ಕಾಯಂ ನಿಷೇಧ ವಲಯ, ಮಟ್ಟ ಸೊನ್ನೆಯಿದ್ದರೂ ಅಷ್ಟೇ. 2023ರ ಜೂನ್ 8ರಂದು ಮಟ್ಟ ಮೂರಕ್ಕೇರಿತು, ಅದರ ಬೆನ್ನಿಗೇ ಒಳವಲಯದ ಜನರನ್ನು ಹೊರಡಿಸಿದರು. ಲಾವಾ ಕಾಣಿಸಿದ್ದು 11ರ ರಾತ್ರಿ. ಅಂದರೆ ಬೆಟ್ಟ ಇನ್ನೂ ಮಾಮೂಲಿನಂತೆ ಕಾಣುತ್ತಿದ್ದಾಗಲೇ ಮನೆ ಬಿಡಬೇಕು. 2018ರ ಜನವರಿಯಲ್ಲಿ ಮಟ್ಟ ನಾಲ್ಕಾದಾಗ ನಿಷೇಧ ವಲಯ 8 ಕಿಲೋಮೀಟರಿಗೆ ಹಿಗ್ಗಿತ್ತು, 80 ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟಿದ್ದರು.

ನೀವು ಮಾಡಬೇಕಾದದ್ದು: ಫಿವೋಲ್ಕ್ಸಿನ ದಿನದ ವರದಿ ಓದುವ ಅಭ್ಯಾಸ. ಎಷ್ಟು ಸಲ ಕಂಪಿಸಿತು, ಎಷ್ಟು ಸಲ ಕಲ್ಲುರುಳಿತು, ಗಂಧಕದ ಅನಿಲ ದಿನಕ್ಕೆ ಎಷ್ಟು ಟನ್ ಎಂದು ಅದರಲ್ಲಿರುತ್ತದೆ. ನಮ್ಮಪ್ಪ ಬೆಳಿಗ್ಗೆ ಎದ್ದು ರಾಮನಗರ ಮಾರುಕಟ್ಟೆಯ ಗೂಡಿನ ಧಾರಣೆ ನೋಡುವ ಹಾಗೆ ನೋಡಿ. ವಾಟ್ಸಾಪಿನಲ್ಲಿ “ಇಂದು ರಾತ್ರಿ ಎರಡಕ್ಕೆ ಮಹಾಸ್ಫೋಟ” ಎಂದು ಬಂದರೆ ಅಳಿಸಿಹಾಕಿ, ಮುಂದೆ ಕಳಿಸಬೇಡಿ. ಗಳಿಗೆ ಹೇಳುವ ವಿಜ್ಞಾನ ಇನ್ನೂ ಹುಟ್ಟಿಲ್ಲ.

ಹೊರಡಿ ಎಂಬ ಮಾತು ಬರಾಂಗಾಯ್ ಕಪಿತಾನರಿಂದ ಬರುತ್ತದೆ. ಬರಾಂಗಾಯ್ ಎಂದರೆ ಹೆಚ್ಚು ಕಡಿಮೆ ನಮ್ಮ ಗ್ರಾಮ ಪಂಚಾಯಿತಿ, ಕಪಿತಾನ್ ಅದರ ಮುಖ್ಯಸ್ಥ. ಅವರು ಹೇಳಿದ ಮೇಲೆ ಫಾದರ್ ಏನಂತಾರೆ, ಬಿಷಪ್ ಏನಂತಾರೆ ಎಂದು ಕಾಯಬೇಡಿ. ಚೀಲ ಎತ್ತಿ. ನೀವು ಕದಲದಿದ್ದರೆ ನಿಮ್ಮ ಅಕ್ಕಪಕ್ಕದ ಮೂರು ಮನೆ ಕದಲುವುದಿಲ್ಲ. “ದೇವರ ಕೆಲಸದವನೇ ಕೂತಿದ್ದಾನೆ, ನಮಗೇನು” ಅನ್ನುತ್ತಾರೆ.

ಚೀಲ

ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿರಬೇಕು. ಮಂಚದ ಕೆಳಗಿದ್ದರೆ ಕತ್ತಲಲ್ಲಿ ಸಿಗುವುದಿಲ್ಲ. ಪಾಸ್‌ಪೋರ್ಟ್ ಮತ್ತು ವಿದೇಶಿಯರ ಗುರುತಿನ ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ, ಎನ್-95 ಮಾಸ್ಕ್ ಹತ್ತಾದರೂ, ಬೈಕಿನವರು ಹಾಕುವಂಥ ಮುಚ್ಚುಗನ್ನಡಕ, ಟಾರ್ಚ್, ಪವರ್ ಬ್ಯಾಂಕ್, ಉದ್ದ ತೋಳಿನ ಅಂಗಿ, ದಪ್ಪ ಅಟ್ಟೆಯ ಶೂ, ಮಾಮೂಲಿ ಮಾತ್ರೆಗಳು, ಚಿಲ್ಲರೆ ಪೆಸೊ ನೋಟು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಒಂದು ಜೊತೆ ಕನ್ನಡಕವನ್ನೂ ಇಡಿ, ಬೂದಿ ಲೆನ್ಸಿನಡಿ ಸೇರಿದರೆ ಕಣ್ಣು ಗೀರುತ್ತದೆ. ಮಾಸ್ಕನ್ನು ಆ ದಿನ ಕೊಳ್ಳೋಣ ಎಂದು ಬಿಡಬೇಡಿ. 2020ರ ಜನವರಿ 12ರಂದು ತಾಲ್ ಜ್ವಾಲಾಮುಖಿ ಸಿಡಿದು ಮನಿಲಾದವರೆಗೂ ಬೂದಿ ಬಿದ್ದಾಗ ಅಂಗಡಿಗಳಲ್ಲಿ ಎನ್-95 ಖಾಲಿಯಾಗಿತ್ತು.

ನಾನು ಅಮ್ಮ ಕೊಟ್ಟಿದ್ದ ಹುರಿಗಡಲೆ ಪುಡಿ ಡಬ್ಬಿಯನ್ನೂ ತುರುಕಿದ್ದೆ. ಪಟ್ಟಿಯಲ್ಲಿ ಇಲ್ಲದ್ದು. ಒಂಬತ್ತನೇ ದಿನ ಬರೀ ಸಾರ್ಡೀನ್ ಡಬ್ಬಿ, ಅನ್ನ ತಿಂದು ನಾಲಿಗೆ ಜಡ್ಡುಗಟ್ಟಿದಾಗ ಅದರ ಬೆಲೆ ಗೊತ್ತಾಯಿತು.

ಬೂದಿ ಎಂದರೆ ಒಲೆಯ ಬೂದಿ ಅಲ್ಲ

ಕನಕಪುರದ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಜಲ್ಲಿ ಕ್ರಷರ್ ಪಕ್ಕದ ದಾರಿಯಲ್ಲಿ ಹೋದಾಗ ಮೈಮೇಲೆ ಕೂರುವ ಧೂಳಿದೆಯಲ್ಲ, ಅದು. ಪುಡಿಯಾದ ಕಲ್ಲು, ಗಾಜಿನ ಚೂರು. ನೀರಿಗೆ ಕರಗುವುದಿಲ್ಲ. ಹಲ್ಲಿನ ನಡುವೆ ಕರಕರ ಅನ್ನುತ್ತದೆ. ಬಟ್ಟೆಯಿಂದ ಒರೆಸಿದರೆ ಮೇಜಿನ ಮೇಲೆ ಗೀರು ಬೀಳುತ್ತದೆ, ಮೊಬೈಲ್ ಗಾಜಿನ ಮೇಲೂ.

ಹಾಗಾಗಿ ಒಣಗಿದ್ದಾಗ ಪೊರಕೆ ಹಾಕಬೇಡಿ. ನೀರು ಚಿಮುಕಿಸಿ, ತೇವವಾದ ಮೇಲೆ ಸಲಿಕೆಯಿಂದ ಎತ್ತಿ ಚೀಲಕ್ಕೆ ತುಂಬಿ. ನೀರು ಜಾಸ್ತಿ ಹಾಕಿದಿರೋ, ಸಿಮೆಂಟಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಚರಂಡಿಗೆ ತೊಳೆದು ಬಿಟ್ಟರೆ ಮಳೆ ಬಂದ ದಿನ ಬೀದಿ ಕೆರೆಯಾಗುತ್ತದೆ. ಬೂದಿ ಬೀಳುವ ಮೊದಲೇ ನೀರಿನ ತೊಟ್ಟಿ ಮುಚ್ಚಿ, ಮಳೆನೀರು ತೊಟ್ಟಿಗೆ ಇಳಿಯುವ ಪೈಪು ಬಿಡಿಸಿ. ಕಾರಿನ ಗಾಜಿಗೆ ವೈಪರ್ ಹಾಕಬೇಡಿ, ನೀರು ಸುರಿದು ಇಳಿಸಿ.

ಸೂರು ಶುಚಿ ಮಾಡಲು ಹತ್ತುವ ಹುಮ್ಮಸ್ಸು ಯುವಕರಿಗೆ ಬರುತ್ತದೆ. ತಡೆಯಿರಿ. ನೆಂದ ಬೂದಿ ಬಹಳ ಭಾರ, ತಗಡಿನ ಸೂರು ಮೊದಲೇ ಬಾಗಿರುತ್ತದೆ. ಅದರ ಮೇಲೆ ನಿಮ್ಮ ಅರವತ್ತೈದು ಕೆಜಿ ಬೇರೆ! ಮರಗೆಲಸ ಗೊತ್ತಿರುವ ಊರಿನವರು ಹತ್ತಲಿ, ನೀವು ಏಣಿ ಹಿಡಿದುಕೊಳ್ಳಿ. ಗಂಧಕದ ವಾಸನೆ ಮೂಗಿಗೆ ಖಾರವಾಗಿ ಬಡಿದರೆ ಎನ್-95 ಕೂಡ ಸಾಲದು, ಅದು ಧೂಳನ್ನು ತಡೆಯುತ್ತದೆಯೇ ಹೊರತು ಅನಿಲವನ್ನಲ್ಲ. ಒಳಗೆ ಹೋಗಿ ಕಿಟಕಿ ಬಾಗಿಲು ಮುಚ್ಚಿ. ಉಬ್ಬಸ ಇರುವವರು ಇಂಥ ಊರಿಗೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಸೇವೆ ಮಾಡಲು ಬೇರೆ ಊರುಗಳು ಬೇಕಾದಷ್ಟಿವೆ.

ಭಾಷೆ

ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ನಮ್ಮ ನಾಡಿಗೆ ಬಂದಾಗ ಇಪ್ಪತ್ತರ ಹರೆಯದವರು. ಅವರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ನಿಮ್ಮಿಂದ ನಿಘಂಟನ್ನು ಯಾರೂ ಕೇಳುವುದಿಲ್ಲ. ಆದರೆ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ ಎಂದು ಸೋಮಾರಿಯಾಗಬೇಡಿ. ಕಷ್ಟ ಬಂದಾಗ ಜನ ಮಾತಾಡುವುದು ಮನೆಮಾತಿನಲ್ಲಿ. ‘ದಿಯೋಸ್ ಮಬಾಲೋಸ್’ ಎಂದರೆ ಬಿಕೋಲಿನಲ್ಲಿ ಧನ್ಯವಾದ, ದೇವರು ನಿಮ್ಮ ಋಣ ತೀರಿಸಲಿ ಎಂಬ ಅರ್ಥ. ಅಣ್ಣನಿಗೆ ಮನೋಯ್, ಅಕ್ಕನಿಗೆ ಮನಾಯ್, ಅಜ್ಜಿಗೆ ಲೋಲಾ. ಹಿರಿಯರು ಕೈ ಚಾಚಿದರೆ ಕುಲುಕಬೇಡಿ, ಬಾಗಿ ಅವರ ಕೈಯನ್ನು ನಿಮ್ಮ ಹಣೆಗೆ ಒತ್ತಿಕೊಳ್ಳಿ. ಕಾಲು ಮುಟ್ಟಿ ನಮಸ್ಕರಿಸಿ ಬೆಳೆದ ನಮಗೆ ಇದು ಒಂದೇ ದಿನಕ್ಕೆ ಬರುತ್ತದೆ.

ಶಾಲೆಯಲ್ಲಿ

ಇಲ್ಲಿಗೆ ಬಂದರೆ ನಿಮ್ಮ ಸೇವೆ ಶುರು. ಆಲ್ಬಾಯ್‌ನಲ್ಲಿ ನಿರಾಶ್ರಿತರ ಶಿಬಿರವೆಂದರೆ ಬಹುತೇಕ ಸರ್ಕಾರಿ ಶಾಲೆ. ಮನೆ ಬಿಟ್ಟು ಬರುವುದಕ್ಕೆ, ಬಂದವರಿಗೆ, ಎರಡಕ್ಕೂ ಜನ ಬಳಸುವ ಪದ ‘ಬಕ್ವಿಟ್’. 2023ರಲ್ಲಿ ಹೀಗೆ ಬಂದವರು ಸುಮಾರು 20 ಸಾವಿರ. ನಾನಿದ್ದ ಶಾಲೆಯಲ್ಲಿ ಒಂದು ಕೋಣೆಗೆ ಐದಾರು ಸಂಸಾರ. ಕರಿಹಲಗೆಯ ಮೇಲೆ ಭಿನ್ನರಾಶಿ ಲೆಕ್ಕ ಹಾಗೇ ಇತ್ತು. ಅದರ ಕೆಳಗೆ ಚಾಪೆ, ಕುಕ್ಕರು, ಹುಂಜ.

ಮೊದಲ ದಿನ ಭಜನೆಗೆ ಗಿಟಾರ್ ತರೋಣವೇ ಎಂದು ನಮ್ಮಲ್ಲೊಬ್ಬರು ಕೇಳಿದರು. ಅಲ್ಲಿದ್ದ ಮನಾಯ್ ಒಬ್ಬರು, ಶಿಬಿರಗಳಲ್ಲೇ ಅರ್ಧ ಆಯುಷ್ಯ ಕಳೆದವರು, ನಕ್ಕು ಕೈಗೆ ಬ್ರಷ್ ಕೊಟ್ಟರು. ಅಂತರರಾಷ್ಟ್ರೀಯ ಪರಿಹಾರ ಕೆಲಸದ ಅಳತೆ ಹೀಗಿದೆ: ಇಪ್ಪತ್ತು ಜನಕ್ಕೆ ಒಂದು ಕಕ್ಕಸು, ಮೊದಮೊದಲ ದಿನಗಳಲ್ಲಿ ಐವತ್ತು ಜನಕ್ಕೆ ಒಂದಾದರೂ, ತಲೆಗೆ ದಿನಕ್ಕೆ 15 ಲೀಟರ್ ನೀರು. ಶಾಲೆಯ ಕಕ್ಕಸು ಮಕ್ಕಳ ಲೆಕ್ಕಕ್ಕೆ ಕಟ್ಟಿದ್ದು, ಅದೂ ಹಗಲಿಗೆ ಮಾತ್ರ. ಎರಡು ದಿನ ತೊಳೆಯದಿದ್ದರೆ ಮೂರನೇ ದಿನ ಮಕ್ಕಳಿಗೆ ಭೇದಿ. ಹೆಂಗಸರ ಕಕ್ಕಸಿಗೆ ಒಳಗಿನಿಂದ ಅಗುಳಿ ಇದೆಯೇ, ದಾರಿಯಲ್ಲಿ ದೀಪ ಇದೆಯೇ ನೋಡಿ. ಕತ್ತಲಲ್ಲಿ ಹೋಗಲು ಹೆದರಿ ಸಂಜೆಯಿಂದಲೇ ನೀರು ಕುಡಿಯುವುದು ಬಿಟ್ಟ ಹುಡುಗಿಯರನ್ನು ನಾನು ಕಂಡಿದ್ದೇನೆ.

ಎರಡನೆಯ ದೊಡ್ಡ ಕೆಲಸ ದನ. ನಿಷೇಧ ವಲಯಕ್ಕೆ ಬೆಳಗಿನ ಜಾವ ಕದ್ದು ನುಗ್ಗುವ ಗಂಡಸರನ್ನು ನೋಡಿ ನಮ್ಮ ಜೊತೆಯ ಪಟ್ಟಣದ ಹುಡುಗರು “ಬುದ್ಧಿ ಇಲ್ವಾ ಇವರಿಗೆ” ಎನ್ನುತ್ತಿದ್ದರು. ನನಗೆ ಹಾಗನ್ನಿಸಲಿಲ್ಲ. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ಹೊತ್ತು, ದಾಟಿ ಎದ್ದ ರೇಷ್ಮೆ ಹುಳಕ್ಕೆ ಒಂದು ಹೊತ್ತು ಸೊಪ್ಪು ತಪ್ಪಿದರೆ ನಮ್ಮಪ್ಪ ಮದುವೆ ಮನೆಯ ಊಟ ಬಿಟ್ಟು ಎದ್ದು ಬಂದದ್ದಿದೆ. ಅಲ್ಲಿ ಕಾರಾಬಾವ್, ಅಂದರೆ ಉಳುವ ಎಮ್ಮೆ, ಸಂಸಾರದ ಇಡೀ ಬಂಡವಾಳ. ಬೈದರೆ ಅವರು ಇನ್ನಷ್ಟು ಕದ್ದು ಹೋಗುತ್ತಾರೆ. ಎಮ್ಮೆಯನ್ನೇ ಕೆಳಗೆ ತರಲು ಲಾರಿ ಹೊಂದಿಸಿ, ಕಟ್ಟಲು ಜಾಗ, ಹುಲ್ಲು, ನೀರು ನೋಡಿ. ನಮ್ಮ ತಂಡ ಆ ವರ್ಷ ಮಾಡಿದ ಕೆಲಸದಲ್ಲಿ ನಿಜಕ್ಕೂ ಜೀವ ಉಳಿಸಿದ್ದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹುಲ್ಲಿನ ಲಾರಿ ತೋರಿಸುತ್ತೇನೆ.

ಪರಿಹಾರದ ಪೊಟ್ಟಣ ಹಂಚುವಾಗ ಕಪಿತಾನರ ಪಟ್ಟಿಯೇ ಪಟ್ಟಿ. ನೀವು ಬೇರೆ ಪಟ್ಟಿ ಮಾಡಿದರೆ ಒಂದು ಮನೆಗೆ ಎರಡು ಸಿಗುತ್ತದೆ, ಮೂಲೆಯ ಕೋಣೆಗೆ ಸಿಗುವುದೇ ಇಲ್ಲ. ಸಾಲಿನಲ್ಲಿ ನಿಲ್ಲಲಾಗದ ಲೋಲಾಗಳನ್ನು ಹುಡುಕಿಕೊಂಡು ಹೋಗಿ. ಪೊಟ್ಟಣ ಕೊಡುವ ಫೋಟೋ ತೆಗೆಯಬೇಡಿ. ಊರಿನಿಂದ ಹಣ ಕಳಿಸಿದವರು ಕೇಳಿದರೆ ಅಕ್ಕಿ ಮೂಟೆಯ ಫೋಟೋ ಕಳಿಸಿ.

ಆರು ತಿಂಗಳು ಹೀಗೆ ನಡೆಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿ. ಆ ಸಲ ಮಟ್ಟ ಮೂರರಿಂದ ಎರಡಕ್ಕೆ ಇಳಿದದ್ದು ಡಿಸೆಂಬರ್ 8ರಂದು. ಮೊದಲ ವಾರ ಸಹಾಯಕ್ಕೆ ಬಂದವರ ಟೀ ಶರ್ಟುಗಳಲ್ಲಿ ಶಾಲೆ ಬಣ್ಣ ಬಣ್ಣವಾಗಿರುತ್ತದೆ. ಎರಡನೇ ತಿಂಗಳು ಯಾರೂ ಇರುವುದಿಲ್ಲ. ನಿಮ್ಮ ರಜೆ, ನಿಮ್ಮ ಹಣ, ನಿಮ್ಮ ಕೈಕಾಲಿನ ಬಲ ಎಲ್ಲವನ್ನೂ ಆ ಎರಡನೇ ತಿಂಗಳಿಗೆ ಉಳಿಸಿಟ್ಟುಕೊಳ್ಳಿ.

ಏನು ಹೇಳಬಾರದು

“ಇದು ದೇವರ ಕೋಪ” ಎನ್ನಬೇಡಿ. ಯಾರ ಮೇಲಿನ ಕೋಪ? ಎಮ್ಮೆ ಕಳಕೊಂಡವನ ಮೇಲೆಯೇ? “ದೇವರು ನಿಮ್ಮನ್ನು ಉಳಿಸಿದ” ಎಂಬುದನ್ನೂ ಹುಷಾರಾಗಿ ಆಡಿ. ಕೇಳುತ್ತಿರುವ ಮನೆಯಲ್ಲಿ 2006ರಲ್ಲಿ ಉಳಿಯದವರು ಇರಬಹುದು. ಅಕ್ಕಿ ಕೊಟ್ಟು ಪ್ರಾರ್ಥನೆಗೆ ಕರೆಯುವುದು, ಪ್ರಾರ್ಥನೆಗೆ ಬಂದವರಿಗೆ ಮೊದಲು ಅಕ್ಕಿ ಕೊಡುವುದು ಎರಡೂ ತಪ್ಪು. ರೆಡ್ ಕ್ರಾಸ್ ಮತ್ತು ಪರಿಹಾರ ಸಂಸ್ಥೆಗಳು 1994ರಲ್ಲಿ ಒಪ್ಪಿದ ನಡವಳಿಕೆಯ ನಿಯಮದಲ್ಲೂ ಇದು ಸ್ಪಷ್ಟ: ನೆರವನ್ನು ಧರ್ಮದ ಅಥವಾ ರಾಜಕೀಯದ ನಿಲುವು ಬೆಳೆಸಲು ಬಳಸಬಾರದು. ಹಾಗೆ ನೋಡಿದರೆ ಆಲ್ಬಾಯ್‌ನ ಜನಕ್ಕೆ ಜಪಸರ ಹೇಳಿಕೊಡಲು ಕನಕಪುರದಿಂದ ಯಾರೂ ಹೋಗಬೇಕಿಲ್ಲ. ಶಾಲೆಯಲ್ಲಿ ಸಂಜೆ ಆರಕ್ಕೆ ಅವರೇ ಶುರುಮಾಡುತ್ತಿದ್ದರು, ನಾನು ಹಿಂದಿನ ಬೆಂಚಿನಲ್ಲಿ ತಪ್ಪು ತಪ್ಪು ಬಿಕೋಲಿನಲ್ಲಿ ದನಿಗೂಡಿಸುತ್ತಿದ್ದೆ.

ಮನೆಗೆ ಫೋನ್ ಮಾಡುವ ಹೊತ್ತು ಗೊತ್ತುಮಾಡಿಕೊಳ್ಳಿ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಟವರ್ ಹೋದರೆ ಎರಡು ದಿನ ಫೋನ್ ಬರುವುದಿಲ್ಲ, ಹೆದರಬೇಡಿ ಎಂದು ಮೊದಲೇ ಹೇಳಿಡಿ. ಸುಳ್ಳು ಹೇಳಬೇಡಿ, ಟೀವಿ ನಿಮಗಿಂತ ಮೊದಲು ಹೇಳಿರುತ್ತದೆ.

ಬಿಟ್ಟು ಬರುವಾಗ

ನಿಮ್ಮ ಅವಧಿ ಮುಗಿದಾಗ ಮುಂದೆ ಬರುವವರಿಗೆಂದು ಎರಡು ಪುಟ ಬರೆದಿಟ್ಟು ಬನ್ನಿ. ಅನುಭವ ಕಥನ ಬೇಡ. ನಾನು ಬರೆದದ್ದರಲ್ಲಿ ಇದ್ದದ್ದು ಇಷ್ಟು: ಎರಡು ಸಲಿಕೆ ಅಡುಗೆಮನೆ ಹಿಂದೆ, ಒಂದರ ಹಿಡಿ ಸಡಿಲ. ಪೂರ್ವದ ಕೊರಕಲಿನ ಸೇತುವೆ ಮೇಲೆ ಮಳೆ ಶುರುವಾಗಿ ಅರ್ಧ ಗಂಟೆಯಾದರೆ ಹೋಗಬೇಡಿ. ಲಾರಿಯ ಮನೋಯ್ ಡೀಸೆಲ್‌ಗೆ ಮಾತ್ರ ದುಡ್ಡು ತೆಗೆದುಕೊಳ್ಳುತ್ತಾರೆ, ಹೆಚ್ಚು ಕೊಟ್ಟರೆ ಬೇಜಾರು. ಎರಡನೇ ಬೀದಿಯ ಲೋಲಾಗೆ ಕಿವಿ ಕೇಳುವುದಿಲ್ಲ, ಸೈರನ್ ಆದರೆ ಒಳಗೆ ಹೋಗಿ ಭುಜ ಮುಟ್ಟಿ ಎಬ್ಬಿಸಿ. ಹುಂಜವನ್ನೂ ಎತ್ತಿಕೊಳ್ಳದೆ ಹೊರಡುವುದಿಲ್ಲ, ಅದರ ಬುಟ್ಟಿ ಬಾಗಿಲ ಎಡಕ್ಕಿದೆ. ಪಾಸ್‌ಪೋರ್ಟನ್ನು ಯಾರ ಬೀರುವಿಗೂ ಕೊಡಬೇಡಿ.